ಎಐ ಬರೆದ ಕೋಡ್ ತಪ್ಪು ಲೆಕ್ಕ ಕೊಟ್ಟಾಗ: ದೋಷ ಹುಡುಕುವ ಕ್ರಮ

ಎಐ ಸಹಾಯಕ ಬರೆದುಕೊಟ್ಟ ಕೋಡ್ ಓಡುತ್ತದೆಯೇ ಎಂದು ಕೇಳಿದರೆ, ಸಣ್ಣ ಕೆಲಸಗಳ ಮಟ್ಟಿಗೆ, ಬಹುತೇಕ ಓಡುತ್ತದೆ. ಸರಿಯಾದ ಉತ್ತರ ಕೊಡುತ್ತದೆಯೇ ಎಂದು ಕೇಳಿದರೆ ತಡೆದು ಹೇಳಬೇಕಾಗುತ್ತದೆ. ಮನುಷ್ಯ ಬರೆದ ಅರೆಬೆಂದ ಕೋಡ್ ನೋಡಿದ ಕೂಡಲೇ ಗೊತ್ತಾಗುತ್ತದೆ: ಹೆಸರುಗಳು ಅಡ್ಡಾದಿಡ್ಡಿ, ಕಾಮೆಂಟ್ ಇಲ್ಲ, ಅರ್ಧಕ್ಕೆ ಬಿಟ್ಟ ಫಂಕ್ಷನ್. ಎಐ ಕೋಡ್‌ನಲ್ಲಿ ಈ ಲಕ್ಷಣಗಳು ಸಿಗುವುದಿಲ್ಲ. ತಪ್ಪಿರುವ ಸಾಲೂ ಸರಿಯಿರುವ ಸಾಲಿನಷ್ಟೇ ಒಪ್ಪವಾಗಿ ಕೂತಿರುತ್ತದೆ. ಹಾಗಾಗಿ ಬರೀ ಓದಿ ತಪ್ಪು ಹಿಡಿಯುವ ಅಭ್ಯಾಸ ಇಲ್ಲಿ ಅಷ್ಟಾಗಿ ಕೈಹಿಡಿಯುವುದಿಲ್ಲ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಎಣಿಸಬೇಕು.

ಉದಾಹರಣೆಗೆ ಒಂದೇ ಕೆಲಸ ಹಿಡಿದುಕೊಳ್ಳೋಣ. ಅಂಗಡಿಯೊಂದರ ಬಿಲ್‌ಗಳ ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಟ್ಟಿ) ಇದೆ: ದಿನಾಂಕ, ಗಿರಾಕಿಯ ಹೆಸರು ಕನ್ನಡದಲ್ಲಿ, ಮೊತ್ತ, ತೆರಿಗೆ ದರ. ಅದನ್ನು ಓದಿ ತಿಂಗಳವಾರು ವ್ಯಾಪಾರ, ಗಿರಾಕಿವಾರು ಬಾಕಿ, ಜಿಎಸ್‌ಟಿ ಲೆಕ್ಕ ಕೊಡುವ ಪೈಥಾನ್ ಸ್ಕ್ರಿಪ್ಟ್ ಬೇಕು. ಯಾವ ಸಹಾಯಕವನ್ನು ಕೇಳಿದರೂ ಒಂದು ನಿಮಿಷದೊಳಗೆ ಬರೆದುಕೊಡುತ್ತದೆ. ಈ ಒಂದು ಸ್ಕ್ರಿಪ್ಟ್‌ನಲ್ಲೇ ಸಾಮಾನ್ಯ ದೋಷಗಳೆಲ್ಲ ಸಿಗುತ್ತವೆ. (ಕೋಡ್‌ನ ಪದಗಳನ್ನು ಕೆಳಗೆ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.)

ಕೈ ಹಾಕುವ ಮೊದಲು

ಮೂರು ಕೆಲಸ, ಐದು ನಿಮಿಷ. ಈಗಿರುವ ಕೋಡ್ ಕೆಟ್ಟಿದ್ದರೂ ಸರಿ, ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ) ಕಮಿಟ್ ಮಾಡಿ, ಅಂದರೆ ಈಗಿನ ಸ್ಥಿತಿಯನ್ನು ಉಳಿಸಿಡಿ. ಮುಂದೆ ಸಹಾಯಕ ಏನು ಬದಲಿಸಿತು ಎಂದು ತಿಳಿಯಲು ಬೇರೆ ದಾರಿಯಿಲ್ಲ. ಪೈಥಾನ್ ಆವೃತ್ತಿಯನ್ನೂ ಪಿಪ್ ಫ್ರೀಜ್ ಎಂಬ ಕಮಾಂಡ್ ಕೊಡುವ ಲೈಬ್ರರಿ (ಸಿದ್ಧ ಕೋಡ್‌ನ ಸಂಗ್ರಹ) ಪಟ್ಟಿಯನ್ನೂ ಒಂದು ಫೈಲಿಗೆ ಹಾಕಿ. ಆಮೇಲೆ ಅಸಲು ಫೈಲಿನಿಂದ ಹತ್ತು ಸಾಲು ಆರಿಸಿ, ಅವುಗಳ ಉತ್ತರವನ್ನು ಕೈಯಲ್ಲೇ ಲೆಕ್ಕ ಹಾಕಿ ಬರೆದಿಡಿ. ಹತ್ತೂ ಸುಲಭದ ಸಾಲುಗಳಾದರೆ ಪ್ರಯೋಜನವಿಲ್ಲ. 12ಕ್ಕಿಂತ ದೊಡ್ಡ ತಾರೀಖಿನದು ಒಂದು, ಚಿಕ್ಕದು ಒಂದು, ಮೊತ್ತ ಖಾಲಿ ಇರುವುದು ಒಂದು, ಐವತ್ತು ಪೈಸೆ ಬರುವುದು ಒಂದು, ಒತ್ತಕ್ಷರವಿರುವ ಹೆಸರು ಒಂದು ಇರಲೇಬೇಕು.

ಗಿರಾಕಿಗಳ ಅಸಲು ಹೆಸರು, ಫೋನ್ ನಂಬರ್ ಇರುವ ಫೈಲನ್ನು ಹಾಗೇ ಚಾಟ್‌ಗೆ ಹಾಕಬೇಡಿ. ಹತ್ತು ಸಾಲಿನ ಮಾದರಿಯಲ್ಲಿ ಹೆಸರು ಬದಲಿಸಿ ಕೊಟ್ಟರೆ ಸಾಕು.

ಓಡುವುದೇ ಇಲ್ಲ

ಇದು ಸುಲಭದ ರೋಗ. ಟ್ರೇಸ್‌ಬ್ಯಾಕನ್ನು, ಅಂದರೆ ಎರರ್ ಬಿದ್ದಾಗ ಪೈಥಾನ್ ಮುದ್ರಿಸುವ ವರದಿಯನ್ನು, ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಸಾಲಿನಲ್ಲಿ ಎರರ್, ಅದರ ಮೇಲೆ ಅದು ಹುಟ್ಟಿದ ಜಾಗ.

'ಮಾಡ್ಯೂಲ್ ನಾಟ್ ಫೌಂಡ್' ಬಂದರೆ ಕಾರಣ ಮೂರರಲ್ಲಿ ಒಂದು. ಪ್ಯಾಕೇಜ್ ಇನ್‌ಸ್ಟಾಲ್ ಆಗಿಲ್ಲ. ಅಥವಾ ಇಂಪೋರ್ಟ್ ಮಾಡುವ ಹೆಸರೂ ಇನ್‌ಸ್ಟಾಲ್ ಮಾಡುವ ಹೆಸರೂ ಬೇರೆಬೇರೆ: ಸಿವಿ2 ಬೇಕಿದ್ದರೆ ಓಪನ್‌ಸಿವಿ-ಪೈಥಾನ್, ಪಿಐಎಲ್ ಬೇಕಿದ್ದರೆ ಪಿಲ್ಲೋ, ಯಾಮೆಲ್ ಬೇಕಿದ್ದರೆ ಪೈಯಾಮೆಲ್. ಮೂರನೆಯದು, ಅಂಥ ಪ್ಯಾಕೇಜೇ ಲೋಕದಲ್ಲಿಲ್ಲ. ಸಹಾಯಕ ಹೆಸರು ಕಟ್ಟಿದೆ. ಇದು ಅಪರೂಪವಲ್ಲ. 2025ರ ಯೂಸ್‌ನಿಕ್ಸ್ ಸೆಕ್ಯುರಿಟಿ ಸಮ್ಮೇಳನದಲ್ಲಿ ಬಂದ ಅಧ್ಯಯನವೊಂದು 16 ಎಐ ಮಾದರಿಗಳಿಂದ 5,76,000 ಕೋಡ್ ತುಣುಕುಗಳನ್ನು ಬರೆಸಿ ನೋಡಿತು. ಅವು ಸೂಚಿಸಿದ ಪ್ಯಾಕೇಜ್‌ಗಳಲ್ಲಿ ಶೇ. 19.7 ಅಸ್ತಿತ್ವದಲ್ಲೇ ಇರಲಿಲ್ಲ. ದುಡ್ಡು ಕೊಟ್ಟು ಬಳಸುವ ಮಾದರಿಗಳಲ್ಲಿ ಈ ಪ್ರಮಾಣ ಶೇ. 5ರ ಆಸುಪಾಸು, ಮುಕ್ತ ಮಾದರಿಗಳಲ್ಲಿ ಶೇ. 21ಕ್ಕೂ ಹೆಚ್ಚು. ಅಪಾಯ ಇರುವುದು ಎರರ್ ಬಂದಾಗಲ್ಲ, ಬಾರದಿದ್ದಾಗ. ಸಹಾಯಕಗಳು ಪದೇಪದೇ ಕಟ್ಟುವ ಹೆಸರನ್ನೇ ಯಾರೋ ನೋಂದಾಯಿಸಿ, ಒಳಗೆ ಕಳ್ಳ ಕೋಡ್ ತುಂಬಿ ಕಾದು ಕೂತಿರಬಹುದು. ಸ್ಲಾಪ್‌ಸ್ಕ್ವಾಟಿಂಗ್ ಎಂದು ಇದಕ್ಕೆ ಹೆಸರೇ ಬಿದ್ದಿದೆ. ಗುರುತಿಲ್ಲದ ಪ್ಯಾಕೇಜ್ ಕಂಡರೆ ಪಿಪ್ ಇನ್‌ಸ್ಟಾಲ್ ಹೊಡೆಯುವ ಮೊದಲು ಪೈಪಿಐನಲ್ಲಿ (ಪೈಥಾನ್ ಪ್ಯಾಕೇಜ್‌ಗಳ ತಾಣ) ಅದರ ಪುಟ ತೆರೆದು ಮೊದಲ ಬಿಡುಗಡೆಯ ದಿನಾಂಕ, ಎಷ್ಟು ಆವೃತ್ತಿಗಳಾಗಿವೆ, ಮೂಲ ಕೋಡ್‌ಗೆ ಕೊಂಡಿ ಇದೆಯೇ ಎಂಬ ಮೂರನ್ನು ನೋಡಿ. ಹೋದ ವಾರ ಹುಟ್ಟಿ, ಒಂದೇ ಆವೃತ್ತಿ ಇರುವ ಪ್ಯಾಕೇಜಾದರೆ ಕೈಬಿಡಿ.

ಇನ್ನೊಂದು ಎರರ್ 'ಆಟ್ರಿಬ್ಯೂಟ್ ಎರರ್'. ಡೇಟಾಫ್ರೇಮ್‌ಗೆ (ಕೋಷ್ಟಕಕ್ಕೆ) ಅಪೆಂಡ್ ಎಂಬುದೇ ಇಲ್ಲ ಎಂದು ಕೋಷ್ಟಕ ನಿಭಾಯಿಸುವ ಲೈಬ್ರರಿ ಪಾಂಡಾಸ್ ಗೊಣಗಿದರೆ ಸಹಾಯಕ ಹಳೆಯ ಕಾಲದಲ್ಲಿದೆ ಎಂದರ್ಥ. 2023ರ ಏಪ್ರಿಲ್‌ನಲ್ಲಿ ಬಂದ ಪಾಂಡಾಸ್ 2.0 ಅದನ್ನು ತೆಗೆದುಹಾಕಿತು. ಈಗ ಕಾನ್‌ಕ್ಯಾಟ್ ಬಳಸಬೇಕು. ಅಪೆಂಡ್ ಬಳಸಿದ ಹಳೆಯ ಕೋಡ್ ಅಂತರ್ಜಾಲದಲ್ಲಿ ಬೇಕಾದಷ್ಟಿದೆ, ಸಹಾಯಕ ಕಲಿತದ್ದು ಅದರಿಂದಲೇ. ಅಂಕಿಲೆಕ್ಕದ ಲೈಬ್ರರಿ ನಂಪೈ 1.24ರಲ್ಲಿ ಎನ್‌ಪಿ ಡಾಟ್ ಫ್ಲೋಟ್ ಹೋಯಿತು, ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಹೋಯಿತು, ಕಥೆ ಒಂದೇ. ಇಂಥ ಕಡೆ ಲೈಬ್ರರಿಯನ್ನು ಹಳೆಯ ಆವೃತ್ತಿಗೆ ಇಳಿಸುವ ಸಲಹೆ ಬಂದರೆ ಒಪ್ಪಬೇಡಿ. ಪಿಪ್ ಫ್ರೀಜ್‌ನ ಪಟ್ಟಿ ಕೊಟ್ಟು ಈ ಆವೃತ್ತಿಗೆ ಹೊಂದುವಂತೆ ಬರೆಯಲು ಹೇಳಿ.

ಓಡುತ್ತದೆ, ಲೆಕ್ಕ ತಪ್ಪು

ಸಮಯವೆಲ್ಲ ಹೋಗುವುದು ಇಲ್ಲಿ. ಎರರ್ ಮಾಯವಾದದ್ದನ್ನು ದೋಷ ಮಾಯವಾಯಿತು ಎಂದು ತಿಳಿಯುವುದರಿಂದಲೇ ಈ ಬಗೆಯ ತೊಂದರೆ ಹೆಚ್ಚಾಗಿ ಶುರುವಾಗುತ್ತದೆ.

ದಿನಾಂಕವನ್ನೇ ನೋಡಿ. ಫೈಲಿನಲ್ಲಿ 2025ರ ಜನವರಿ 1ರಿಂದ ಡಿಸೆಂಬರ್ 31ರವರೆಗೆ ದಿನಕ್ಕೊಂದು ಬಿಲ್, ಒಟ್ಟು 365 ಸಾಲು. ದಿನಾಂಕ ನಮ್ಮ ಕ್ರಮದಲ್ಲಿ, 01/01/2025, 02/01/2025 ಎಂದು. ಸಹಾಯಕ ಪಾಂಡಾಸ್‌ನ ಟು-ಡೇಟ್‌ಟೈಮ್ ಬಳಸುತ್ತದೆ, ಫಾರ್ಮ್ಯಾಟ್ ಹೇಳುವುದಿಲ್ಲ. ಪಾಂಡಾಸ್ 2 ಮೊದಲ ಸಾಲು ನೋಡಿ ಕ್ರಮವನ್ನು ಊಹಿಸುತ್ತದೆ, ಗೊಂದಲವಿದ್ದರೆ ಅಮೆರಿಕದ ಪದ್ಧತಿ ಹಿಡಿಯುತ್ತದೆ: ತಿಂಗಳು ಮೊದಲು, ದಿನ ಆಮೇಲೆ. ಹದಿಮೂರನೆಯ ಸಾಲಿನ 13/01/2025 ಬಂದಾಗ ಹದಿಮೂರನೇ ತಿಂಗಳಿಲ್ಲ, ಎರರ್ ಬೀಳುತ್ತದೆ. ಪೊಸಿಷನ್ 12 ಎಂದು ತೋರಿಸುತ್ತದೆ, ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ.

ಈ ಎರರ್ ನಿಜವಾಗಿ ಉಪಕಾರಿ. ಅದನ್ನು ಹಾಗೇ ಸಹಾಯಕಕ್ಕೆ ಅಂಟಿಸಿ 'ಸರಿ ಮಾಡು' ಎಂದರೆ, ಎಷ್ಟೋ ಸಲ ಎರರ್ಸ್ ಈಕ್ವಲ್ಸ್ ಕೊಯರ್ಸ್ ಎಂಬ ಆಯ್ಕೆ ಸೇರಿಸಿ ಕೊಡುತ್ತದೆ. ಓದಲಾಗದ ದಿನಾಂಕವನ್ನು ಖಾಲಿ ಎಂದು ಗುರುತಿಸಿ ಮುಂದೆ ಹೋಗು ಎಂಬುದು ಅದರ ಅರ್ಥ. ಸ್ಕ್ರಿಪ್ಟ್ ಈಗ ಸರಾಗವಾಗಿ ಓಡುತ್ತದೆ, ತಿಂಗಳವಾರು ಪಟ್ಟಿಯಲ್ಲಿ ಹನ್ನೆರಡು ತಿಂಗಳೂ ಇರುತ್ತವೆ, ಪ್ರತಿ ತಿಂಗಳಿಗೂ ಒಂದು ಮೊತ್ತ ಇರುತ್ತದೆ. ಒಳಗೆ ಆಗಿರುವುದು ಬೇರೆ. ಪ್ರತಿ ತಿಂಗಳ 12ರ ನಂತರದ ಬಿಲ್‌ಗಳ ದಿನಾಂಕ ಖಾಲಿಯಾಗಿದೆ, ಗುಂಪು ಮಾಡುವಾಗ ಅವು ಸದ್ದಿಲ್ಲದೆ ಉದುರಿಹೋಗಿವೆ. 365ರಲ್ಲಿ ಉಳಿದದ್ದು 144. ಆ 144ರಲ್ಲಿ ಸರಿಯಾದ ತಾರೀಖಿನಲ್ಲಿರುವುದು 01/01, 02/02, 03/03ರಂಥ 12 ಮಾತ್ರ. ಏಪ್ರಿಲ್‌ನ ವ್ಯಾಪಾರ ಎಂದು ತೋರುತ್ತಿರುವುದು ಹನ್ನೆರಡೂ ತಿಂಗಳ 4ನೇ ತಾರೀಖಿನ ಬಿಲ್‌ಗಳ ಮೊತ್ತ.

ಪತ್ತೆ ಹಚ್ಚಲು ಮೂರು ಸಾಲು ಸಾಕು. ಫೈಲ್ ಓದಿದ ಕೂಡಲೇ ಸಾಲುಗಳ ಸಂಖ್ಯೆ ಮುದ್ರಿಸಿ, ದಿನಾಂಕ ಬದಲಿಸಿದ ಮೇಲೆ ಖಾಲಿಯಾದವು ಎಷ್ಟು ಎಂದು ಮುದ್ರಿಸಿ, ಕೊನೆಗೆ ತಿಂಗಳ ಮೊತ್ತಗಳ ಕೂಡಿಕೆಯೂ ಮೂಲ ಕಾಲಂನ ಕೂಡಿಕೆಯೂ ಒಂದೇ ಇದೆಯೇ ಎಂದು ಹೋಲಿಸಿ. ಅಂಗಡಿಯಲ್ಲಿ ಸಂಜೆ ಗಲ್ಲಾಪೆಟ್ಟಿಗೆ ತಾಳೆ ನೋಡುವಂತೆ. ಪರಿಹಾರ: ದಿನ, ತಿಂಗಳು, ನಾಲ್ಕಂಕಿ ವರ್ಷ ಎಂದು ಫಾರ್ಮ್ಯಾಟನ್ನು ನೇರವಾಗಿ ಬರೆಸಿ. ಡೇಫಸ್ಟ್ ಎಂಬ ಆಯ್ಕೆಯೂ ಇದೆ, ಆದರೆ ಅದು ಕಟ್ಟುನಿಟ್ಟಲ್ಲ, ನಂಬದಿರುವುದು ಲೇಸು. ಪಾಂಡಾಸ್ 1ರ ಕಾಲದ ಆವೃತ್ತಿಗಳಲ್ಲಿ ಇದಕ್ಕಿಂತ ಕೆಟ್ಟದ್ದಿತ್ತು: 12ರ ನಂತರದವು ಸರಿಯಾಗಿ, 12ರೊಳಗಿನವು ತಿರುಗುಮುರುಗಾಗಿ ಬರುತ್ತಿದ್ದವು. ಒಂದೂ ಸಾಲು ಕಳೆಯುವುದಿಲ್ಲ, ಒಟ್ಟು ಮೊತ್ತವೂ ತಾಳೆಯಾಗುತ್ತದೆ. ಅಲ್ಲಿ ಸಿಕ್ಕಿಬೀಳುವುದು ಕೈಯಲ್ಲಿ ಲೆಕ್ಕ ಹಾಕಿದ ಆ ಹತ್ತು ಸಾಲಿನಿಂದಲೇ.

ಇದೇ ಜಾಯಮಾನದ ಬಾಯಿಮುಚ್ಚಿಸುವ ಮದ್ದುಗಳು ಇನ್ನೂ ಇವೆ. ಕೋಡ್ ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಇವನ್ನಾದರೂ ಹುಡುಕಿ: ಎಕ್ಸೆಪ್ಟ್ ಆದ ಮೇಲೆ ಪಾಸ್ (ಎರರ್ ಬಂದರೂ ಸುಮ್ಮನೆ ಮುಂದೆ ಹೋಗುವುದು), ಎಕ್ಸೆಪ್ಟ್ ಒಳಗೆ ಖಾಲಿ ಪಟ್ಟಿ ಅಥವಾ ಸೊನ್ನೆ ಹಿಂದಿರುಗಿಸುವುದು, ಎರರ್ಸ್ ಈಕ್ವಲ್ಸ್ ಇಗ್ನೋರ್, ಫಿಲ್‌ಎನ್‌ಎ ಸೊನ್ನೆ (ಖಾಲಿ ಜಾಗಕ್ಕೆ ಸೊನ್ನೆ ತುಂಬುವುದು), ಡ್ರಾಪ್‌ಎನ್‌ಎ (ಖಾಲಿ ಇರುವ ಸಾಲು ಬಿಡುವುದು), ಆನ್ ಬ್ಯಾಡ್ ಲೈನ್ಸ್ ಸ್ಕಿಪ್ (ಕೆಟ್ಟ ಸಾಲು ದಾಟಿಹೋಗುವುದು). ಒಂದೊಂದಕ್ಕೂ ಸಕಾರಣ ಬಳಕೆ ಇದೆ, ನಿಜ. ಆದರೆ ನೀವು ಕೇಳದೆಯೇ ಬಂದಿದ್ದರೆ, ತೆಗೆದುಹಾಕಿ ಮತ್ತೆ ಓಡಿಸಿ. ಈಗ ಬೀಳುವ ಎರರ್ ನಿಮ್ಮ ದೋಷದ ವಿಳಾಸ.

ಕನ್ನಡ ಪಠ್ಯದ ಗುಂಡಿಗಳು

ಎಕ್ಸೆಲ್‌ನಲ್ಲಿ ಬರೀ 'ಸಿಎಸ್‌ವಿ' ಎಂದು ಉಳಿಸಿದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುವುದುಂಟು. ಅದು ಕೋಡ್‌ನ ತಪ್ಪಲ್ಲ, ಫೈಲೇ ಹಾಳಾಗಿದೆ. 'ಸಿಎಸ್‌ವಿ ಯುಟಿಎಫ್-8' ಆರಿಸಿದರೆ ಕನ್ನಡ ಉಳಿಯುತ್ತದೆ, ಆದರೆ ಫೈಲಿನ ಮೊದಲಿಗೆ ಬಿಒಎಂ ಎಂಬ ಕಣ್ಣಿಗೆ ಕಾಣದ ಗುರುತು ಸೇರುತ್ತದೆ. ಪೈಥಾನ್‌ನ ಡಿಕ್ಟ್‌ರೀಡರ್ ಅದನ್ನು ಮೊದಲ ಕಾಲಂನ ಹೆಸರಿಗೇ ಅಂಟಿಸಿಕೊಳ್ಳುತ್ತದೆ. ಆಗ 'ದಿನಾಂಕ' ಎಂಬ ಕಾಲಂ ಕಣ್ಣೆದುರೇ ಇದ್ದರೂ ಕೀ ಎರರ್ ಬರುತ್ತದೆ. ಕಾಲಂ ಹೆಸರನ್ನು ರೆಪ್ರ್ (ಕಾಣದ ಗುರುತನ್ನೂ ತೋರಿಸುವ ಫಂಕ್ಷನ್) ಹಾಕಿ ಮುದ್ರಿಸಿದರೆ ಮುಂದಿನ ಬಾಲಂಗೋಚಿ ಕಾಣಿಸುತ್ತದೆ. ಎನ್‌ಕೋಡಿಂಗನ್ನು ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಸರಿಹೋಗುತ್ತದೆ. ವಿಂಡೋಸ್‌ನಲ್ಲಿ ಬರೀ ಓಪನ್ ಎಂದು ಬರೆದು ಎನ್‌ಕೋಡಿಂಗ್ ಹೇಳದಿದ್ದರೆ 'ಚಾರ್‌ಮ್ಯಾಪ್' ಎರರ್ ಬರುವುದೂ ಇದೇ ವಂಶದ್ದು.

ಇನ್ನು ಗಿರಾಕಿವಾರು ಬಾಕಿ. 'ಕೋಟೇಶ್' ಎಂಬ ಒಬ್ಬನೇ ಗಿರಾಕಿ ಪಟ್ಟಿಯಲ್ಲಿ ಎರಡು ಸಲ ಬಂದಿದ್ದಾನೆ, ಎರಡೂ ಹೆಸರು ಪರದೆಯ ಮೇಲೆ ಒಂದೇ ಥರ. ಉದ್ದ ಎಣಿಸುವ ಲೆನ್ ಹಾಕಿ ನೋಡಿ: ಒಂದರ ಉದ್ದ 6, ಇನ್ನೊಂದರದು 9. ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಏಕಾರದ ಚಿಹ್ನೆಯನ್ನು ಒಂದಾಗಿ ಅಥವಾ ಎರಡಾಗಿ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆಬೇರೆ. ಯೂನಿಕೋಡ್‌ಡೇಟಾದ ನಾರ್ಮಲೈಸ್ ಬಳಸಿ ತುಂಡುಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಎರಡೂ 6 ಆಗುತ್ತವೆ. ಆಗಲೂ ಒಂದು 7 ತೋರಿಸಿದರೆ ಕೊನೆಯ 'ಶ್' ಹಿಂದೆ ಶೂನ್ಯ ಅಗಲದ ನಾನ್-ಜಾಯ್ನರ್ (ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು) ಕೂತಿದೆ. ಅದನ್ನು ಹೋಲಿಕೆಗೆಂದು ಮಾಡಿದ ಪ್ರತಿಯಿಂದ ಮಾತ್ರ ತೆಗೆಯಿರಿ. ಅಸಲು ಹೆಸರಿನಿಂದ ತೆಗೆದರೆ 'ರಾಜ್‌ಕುಮಾರ್' ಎಂಬುದು ಜಕಾರಕ್ಕೆ ಕಕಾರದ ಒತ್ತು ಬಿದ್ದು ವಿಕಾರವಾಗುತ್ತದೆ.

ಹೆಸರು ಹುಡುಕಲು ಸಹಾಯಕ ರೆಜೆಕ್ಸ್ (ಪಠ್ಯದ ಆಕಾರ ಹೇಳಿ ಹುಡುಕುವ ಸೂತ್ರ) ಬರೆದಿದ್ದರೆ ಇನ್ನೊಂದು ಗುಂಡಿ. ಪೈಥಾನ್‌ನ ಆರ್‌ಇ ಲೈಬ್ರರಿಯಲ್ಲಿ ಬ್ಯಾಕ್‌ಸ್ಲಾಷ್ ಡಬ್ಲ್ಯೂ ಎಂದರೆ ಅಕ್ಷರ, ಅಂಕಿ, ಅಡಿಗೆರೆ ಅಷ್ಟೇ. ನಮ್ಮ ಕಾಗುಣಿತದ ಚಿಹ್ನೆಗಳೂ ಹಲಂತವೂ ಆ ಲೆಕ್ಕಕ್ಕೆ ಸೇರುವುದಿಲ್ಲ. 'ಕನ್ನಡ' ಎಂಬ ಪದ ಹೊಕ್ಕರೆ 'ಕನ', 'ನಡ' ಎಂದು ಎರಡು ತುಂಡಾಗಿ ಹೊರಬರುತ್ತದೆ. ಇಂಗ್ಲಿಷ್ ಹೆಸರಿನಲ್ಲಿ ಪರೀಕ್ಷಿಸಿದವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ರೆಜೆಕ್ಸ್ ಎಂಬ ಪ್ರತ್ಯೇಕ ಪ್ಯಾಕೇಜ್ ಹಾಕಿಕೊಂಡರೆ ಪದ ಒಡೆಯುವುದಿಲ್ಲ; ಇಲ್ಲವೇ ಕನ್ನಡದ ಯೂನಿಕೋಡ್ ವ್ಯಾಪ್ತಿಯನ್ನು, 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, ನೇರವಾಗಿ ಕೊಡಿ. ತಮಾಷೆಯೆಂದರೆ ಬ್ಯಾಕ್‌ಸ್ಲಾಷ್ ಡಿ ಕನ್ನಡ ಅಂಕಿಗಳನ್ನು ಒಪ್ಪಿಕೊಳ್ಳುತ್ತದೆ. ಹತ್ತಂಕಿಯ ಫೋನ್ ನಂಬರ್ ಪರೀಕ್ಷೆಯನ್ನು ಕನ್ನಡ ಅಂಕಿಯ ನಂಬರ್ ದಾಟಿಹೋಗಿ, ಮುಂದೆ ಎಸ್ಸೆಮ್ಮೆಸ್ ಕಳಿಸುವಾಗ ಮುಗ್ಗರಿಸಬಹುದು.

ತೆರಿಗೆ, ಪೈಸೆ, ಅಲ್ಪವಿರಾಮ

ಹೊರರಾಜ್ಯದ ಗಿರಾಕಿಗೆ 125 ರೂಪಾಯಿಯ ಸರಕು, ಐಜಿಎಸ್‌ಟಿ ಶೇ. 18. ತೆರಿಗೆ 22.50. ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಮೇಲಿನ ರೂಪಾಯಿಗೆ ಏರಿಸಬೇಕು, ಅಂದರೆ 23. ಪೈಥಾನ್‌ನ ರೌಂಡ್ 22 ಕೊಡುತ್ತದೆ. ಸರಿಯಾಗಿ ಅರ್ಧದಲ್ಲಿದ್ದರೆ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ನಿಯಮ. 175 ರೂಪಾಯಿಗೆ 31.50 ಬಂದರೆ ಅದೇ ರೌಂಡ್ 32 ಎನ್ನುತ್ತದೆ, ಅದು ಸರಿ. ಒಮ್ಮೆ ಸರಿ, ಒಮ್ಮೆ ತಪ್ಪು; ಒಂದೇ ಉದಾಹರಣೆ ನೋಡಿ ಬಿಟ್ಟವರಿಗೆ ಗೊತ್ತಾಗದು. ಹಣದ ಲೆಕ್ಕಕ್ಕೆ ಡೆಸಿಮಲ್ ಬಳಸಿ, ರೌಂಡ್ ಹಾಫ್ ಅಪ್ ಎಂದು ಸ್ಪಷ್ಟವಾಗಿ ಹೇಳಿ.

ದರಗಳನ್ನು ಕೋಡ್ ಒಳಗೆ ನೇರವಾಗಿ ಬರೆದಿದ್ದರೆ ಕೂಡಲೇ ಅನುಮಾನಿಸಿ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸರಕುಗಳಿಗೆ 12 ಮತ್ತು 28ರ ಹಂತಗಳು ಹೋಗಿ 5 ಮತ್ತು 18 ಉಳಿದಿವೆ. ಅದಕ್ಕೆ ಮುಂಚಿನ ಪಠ್ಯದ ಮೇಲೆ ತರಬೇತಾದ ಮಾದರಿ ಹಳೆಯ ನಾಲ್ಕು ಹಂತಗಳನ್ನೇ ಧೈರ್ಯವಾಗಿ ಬರೆಯುತ್ತದೆ. ಹೊಸ ದರ ತುಂಬಿದರೂ ಮುಗಿಯುವುದಿಲ್ಲ, 2025ರ ಆಗಸ್ಟ್‌ನ ಬಿಲ್‌ಗೆ ಹಳೆಯ ದರವೇ ಇರಬೇಕು. ದರವನ್ನು ಜಾರಿಯ ದಿನಾಂಕದೊಂದಿಗೆ ಬೇರೆ ಪಟ್ಟಿಯಲ್ಲಿಡಿ. ಜಿಎಸ್‌ಟಿಐಎನ್ (ವ್ಯಾಪಾರಿಯ ಜಿಎಸ್‌ಟಿ ನೋಂದಣಿ ಸಂಖ್ಯೆ) ಪರೀಕ್ಷೆಯೂ ಹೀಗೇ. ಹದಿನೈದು ಅಕ್ಷರ, ಮೊದಲೆರಡು ರಾಜ್ಯದ ಸಂಖ್ಯೆ (ಕರ್ನಾಟಕಕ್ಕೆ 29), ನಂತರ ಹತ್ತು ಪ್ಯಾನ್ ಎಂದು ಆಕಾರ ನೋಡುವ ರೆಜೆಕ್ಸ್ ಸಿಗುತ್ತದೆ. ಕೊನೆಯ ಅಕ್ಷರ ತಾಳೆ ಅಂಕಿ ಎಂಬುದನ್ನು ಲೆಕ್ಕ ಹಾಕುವ ಕೋಡ್ ಕೇಳಿದರೆ ಮಾತ್ರ ಬರುತ್ತದೆ. 12,34,567 ಎಂದು ಬರಬೇಕಾದ ಕಡೆ 1,234,567 ಎಂದು ಬಂದರೆ ಗಾಬರಿ ಬೇಡ, ಅದು ಮುದ್ರಣದ ಹಂತದ್ದು.

ಟೆಸ್ಟ್ ಎಲ್ಲ ಪಾಸ್, ಆದರೂ ತಪ್ಪು

ಕೋಡನ್ನೂ, ಅದು ಸರಿ ಉತ್ತರ ಕೊಡುತ್ತದೆಯೇ ಎಂದು ನೋಡುವ ಟೆಸ್ಟನ್ನೂ ಒಂದೇ ಸಹಾಯಕ ಬರೆದರೆ, ತಪ್ಪು ತಿಳಿವಳಿಕೆ ಎರಡರಲ್ಲೂ ಒಂದೇ ಇರುತ್ತದೆ. ರೌಂಡ್ 22 ಕೊಟ್ಟರೆ ಟೆಸ್ಟ್ ಕೂಡ 22 ಬರಬೇಕು ಎನ್ನುತ್ತದೆ. ತಾನೇ ಫೈಲ್ ತಿದ್ದುವ ಏಜೆಂಟ್‌ಗಳಲ್ಲಿ ಇನ್ನೊಂದು ಚಾಳಿ ಇದೆ: ಟೆಸ್ಟ್ ಪಾಸಾಗದಿದ್ದರೆ ಟೆಸ್ಟನ್ನೇ ಸಡಿಲಿಸುವುದು, ಸ್ಕಿಪ್ ಹಾಕುವುದು, ಇಲ್ಲವೇ ಟೆಸ್ಟ್ ಕೇಳುವ ಆ ಒಂದು ಉತ್ತರವನ್ನು ಕೋಡ್‌ನಲ್ಲಿ ನೇರ ಬರೆದುಬಿಡುವುದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಏಜೆಂಟ್ ಮುಗಿಸಿದೆ ಎಂದ ಕೂಡಲೇ ಬದಲಾದ ಫೈಲ್‌ಗಳ ಪಟ್ಟಿ ಕೊಡುವ ಗಿಟ್ ಡಿಫ್ ಸ್ಟ್ಯಾಟ್ ಹಾಕಿ, ಟೆಸ್ಟ್ ಫೋಲ್ಡರಿನ ಫೈಲ್ ಬದಲಾಗಿದ್ದರೆ ಮೊದಲು ಅದನ್ನೇ ಓದಿ.

ಟೆಸ್ಟ್‌ಗೆ ಹಲ್ಲಿದೆಯೇ ಎಂದು ನೋಡುವ ಉಪಾಯ ಸರಳ. ಕೋಡ್‌ನಲ್ಲಿ ಬೇಕೆಂದೇ ಒಂದು ಕೂಡುವ ಚಿಹ್ನೆಯನ್ನು ಕಳೆಯುವುದಾಗಿಸಿ, ಒಂದು 'ದೊಡ್ಡದು' ಎಂಬುದನ್ನು 'ದೊಡ್ಡದು ಅಥವಾ ಸಮ' ಮಾಡಿ. ಆಗಲೂ ಎಲ್ಲ ಹಸಿರಾದರೆ ಆ ಟೆಸ್ಟ್‌ಗಳು ಅಲಂಕಾರಕ್ಕೆ. ಸಂಶೋಧಕರಿಗೂ ಈ ಪಾಠ ಆಗಿದೆ. 2021ರಲ್ಲಿ ಬಂದ ಹ್ಯೂಮನ್‌ಇವ್ಯಾಲ್ ಎಂಬ 164 ಪ್ರಶ್ನೆಗಳ ಪರೀಕ್ಷೆಯಲ್ಲಿ ಅಂದಿನ ಎಐ ಮಾದರಿ ಕೋಡೆಕ್ಸ್ ಮೊದಲ ಯತ್ನಕ್ಕೆ ಶೇ. 28.8 ಬಿಡಿಸಿತ್ತು. ನಂತರದ ಮಾದರಿಗಳು ಅಂಕ ಬಾಚಿದವು. 2023ರಲ್ಲಿ ಇವ್ಯಾಲ್‌ಪ್ಲಸ್ ತಂಡ ಅದೇ ಪ್ರಶ್ನೆಗಳಿಗೆ ಟೆಸ್ಟ್‌ಗಳನ್ನು 80 ಪಟ್ಟು ಹೆಚ್ಚಿಸಿದಾಗ, ಸರಿ ಎಂದು ಎಣಿಸಿದ್ದ ಎಷ್ಟೋ ಉತ್ತರಗಳು ತಪ್ಪೆಂದು ಬಯಲಾದವು.

'ಪರೀಕ್ಷಿಸಿ ನೋಡಿದ್ದೇನೆ' ಎಂಬ ಮಾತಿಗೂ ಸಾಕ್ಷಿ ಕೇಳಿ. ಕೆಲವು ಸಹಾಯಕಗಳು ಕೋಡನ್ನು ನಿಜಕ್ಕೂ ಓಡಿಸುತ್ತವೆ, ಕೆಲವು ಬರೀ ಬರೆಯುತ್ತವೆ. ಓಡಿಸಿದ ಕಮಾಂಡೂ ಅದರ ಔಟ್‌ಪುಟ್ಟೂ ಲಾಗ್‌ನಲ್ಲಿ ಇಲ್ಲದಿದ್ದರೆ ಓಡಿಸಿಲ್ಲ ಎಂದೇ ಲೆಕ್ಕ.

ಇಲ್ಲಿ ಸರಿ, ಸರ್ವರ್‌ನಲ್ಲಿ ತಪ್ಪು

ರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆಯೊಳಗಿನ ಬಿಲ್‌ಗಳು ಮಾತ್ರ ಹಿಂದಿನ ದಿನಕ್ಕೆ ಹೋಗುತ್ತಿದ್ದರೆ ಬೇರೇನೂ ಹುಡುಕಬೇಡಿ. ಸರ್ವರ್ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿದೆ, ನಾವು ಅದಕ್ಕಿಂತ 5:30 ಗಂಟೆ ಮುಂದೆ. ಜಾವಾಸ್ಕ್ರಿಪ್ಟ್‌ನಲ್ಲಿ ಟು-ಐಎಸ್‌ಒ-ಸ್ಟ್ರಿಂಗ್ ಮಾಡಿ ಮೊದಲ ಹತ್ತು ಅಕ್ಷರ ಕತ್ತರಿಸುವುದು ಸಹಾಯಕಗಳ ಅಚ್ಚುಮೆಚ್ಚಿನ ದಾರಿ. ನಮ್ಮ ಏಪ್ರಿಲ್ 3ರ ಮಧ್ಯರಾತ್ರಿ ಅಲ್ಲಿ ಏಪ್ರಿಲ್ 2 ಆಗಿಬಿಡುತ್ತದೆ. ಏಷ್ಯಾ/ಕೋಲ್ಕತಾ ಎಂದು ವಲಯ ನಮೂದಿಸಿಯೇ ದಿನಾಂಕ ತೆಗೆಯಬೇಕು.

ಸಹಾಯಕಕ್ಕೇ ದೋಷ ಒಪ್ಪಿಸುವ ಬಗೆ

'ಕೆಲಸ ಮಾಡ್ತಿಲ್ಲ, ಸರಿ ಮಾಡು' ಎಂದು ಬರೆದರೆ ಊಹೆಯ ಮೇಲೆ ಊಹೆ ಬರುತ್ತದೆ. ಆವೃತ್ತಿಗಳ ಪಟ್ಟಿ, ಪೂರ್ತಿ ಟ್ರೇಸ್‌ಬ್ಯಾಕ್, ಹತ್ತು ಸಾಲಿನ ಮಾದರಿ, ಬರಬೇಕಾದ ಉತ್ತರ, ಬಂದ ಉತ್ತರ, ಈ ಐದನ್ನು ಕೊಡಿ. ಮೊದಲು ಕಾರಣ ಮಾತ್ರ ಹೇಳು, ಕೋಡ್ ಮುಟ್ಟಬೇಡ ಎನ್ನಿ. ಹೇಳಿದ ಕಾರಣವನ್ನು ಒಂದು ಪ್ರಿಂಟ್ ಹಾಕಿ ನೀವೇ ಖಚಿತಪಡಿಸಿಕೊಂಡ ಮೇಲೆ ತಿದ್ದಲು ಬಿಡಿ, ಅದೂ ಆ ಫಂಕ್ಷನ್ ಒಳಗೆ ಮಾತ್ರ. ಇಲ್ಲದಿದ್ದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ, ಒಂದು ಸಾಲಿನ ತಪ್ಪಿಗೆ ನಾಲ್ಕು ಫೈಲ್ ಬದಲಾಗಿರುತ್ತವೆ.

ಎರಡು ಸಲ ತಿದ್ದಿಯೂ ಹೋಗದಿದ್ದರೆ ಮೂರನೆಯ ಸಲ ಅದೇ ಚಾಟ್‌ನಲ್ಲಿ ಕೇಳಬೇಡಿ. ಹಿಂದಿನ ತಪ್ಪು ಊಹೆಗಳೆಲ್ಲ ಅಲ್ಲೇ ಇರುವುದರಿಂದ ಅದು ಅವುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಗಿಟ್‌ನಲ್ಲಿ ಮೊದಲಿನ ಕಮಿಟ್‌ಗೆ ಹಿಂದಿರುಗಿ, ಹೊಸ ಚಾಟ್ ತೆರೆದು ಅದೇ ಐದನ್ನು ಕೊಡಿ. ಗಡಿಯಾರವನ್ನೂ ನೋಡುತ್ತಿರಿ. 2025ರಲ್ಲಿ ಎಐ ಸಾಮರ್ಥ್ಯ ಅಳೆಯುವ ಎಂಇಟಿಆರ್ ಸಂಸ್ಥೆ ಅನುಭವಿ ಡೆವಲಪರ್‌ಗಳು 16 ಮಂದಿಗೆ 246 ಕೆಲಸ ಕೊಟ್ಟು ಅಳೆದಾಗ, ಎಐ ಬಳಸಿದ ಕೆಲಸಗಳಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಮಾಡಿದವರಿಗೆ ಮಾತ್ರ ಶೇ. 20ರಷ್ಟು ಬೇಗ ಮುಗಿಸಿದಂತೆ ಅನಿಸಿತ್ತು.

ಯಾವಾಗಿನಿಂದ ಕೆಟ್ಟಿತು ಎಂದೇ ಗೊತ್ತಿಲ್ಲದಿದ್ದರೆ ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತ ಹುಡುಕುವ ಗಿಟ್ ಬೈಸೆಕ್ಟ್ ಇದೆ. ಏಜೆಂಟ್ 60 ಕಮಿಟ್ ಮಾಡಿದ್ದರೂ ಸುಮಾರು ಆರು ಸಲ ಪರೀಕ್ಷಿಸಿದರೆ ಕೆಟ್ಟ ಕಮಿಟ್ ಸಿಗುತ್ತದೆ, ಪ್ರತಿ ಕಮಿಟ್‌ನಲ್ಲೂ ಒಂದೇ ಕೆಲಸ ಇದ್ದರೆ. 'ಹಲವು ಸುಧಾರಣೆಗಳು' ಎಂಬ ಒಂದೇ ಕಮಿಟ್‌ನಲ್ಲಿ ಎಂಟುನೂರು ಸಾಲು ಇದ್ದರೆ ಬೈಸೆಕ್ಟ್ ಅಲ್ಲಿಗೆ ತಂದು ಬಿಡುತ್ತದೆ, ಮುಂದಿನದು ನಿಮ್ಮ ಕೆಲಸ.

ಹುಡುಕಾಟದ ಹೊತ್ತಿನಲ್ಲಿ ಏಜೆಂಟ್‌ಗೆ ಅಸಲು ಡೇಟಾಬೇಸಿನ ಪಾಸ್‌ವರ್ಡ್ ಕೊಡಬೇಡಿ. ಓದಲು ಮಾತ್ರ ಅನುಮತಿ ಇರುವ ಬೇರೆ ಬಳಕೆದಾರ ಹೆಸರು ಮಾಡಿಕೊಡಿ, ಅದೂ ಸಾಧ್ಯವಾದರೆ ನಿನ್ನೆಯ ಬ್ಯಾಕಪ್‌ನ ಪ್ರತಿಯ ಮೇಲೆ.